ಸೆಕ್ರೆಟರಿಯ ಬಿರುಕು ಪುಸ್ತಕ

ಮುಂಬೈನ ಮುಲುಂಡ್‌ನಲ್ಲಿರುವ ನಮ್ಮ ಕಟ್ಟಡಕ್ಕೆ ನಾಲ್ಕು ಮಹಡಿ, ವಯಸ್ಸು ಮೂವತ್ತು ದಾಟಿದೆ. ಇಂಥ ಹೌಸಿಂಗ್ ಸೊಸೈಟಿಗೆ (ಮನೆಯವರೆಲ್ಲ ಸೇರಿ ಕಟ್ಟಡ ನಡೆಸುವ ಸಂಘಕ್ಕೆ) ಸೆಕ್ರೆಟರಿ ಆದವರ ಕೈಗೆ ಒಂದು ಕಪಾಟು ಕಾಗದ, ಒಂದು ಗೊಂಚಲು ಬೀಗದಕೈ ಬರುತ್ತದೆ. ಅದರ ಜೊತೆಗೇ ಅಷ್ಟೂ ಮನೆಯವರ ಜೀವದ ಹೊಣೆಯೂ ಬರುತ್ತದೆ. ನಾನು ಇಂಜಿನಿಯರ್ ಅಲ್ಲ, ಬ್ಯಾಂಕಿನ ಲೆಕ್ಕದವನು. ಇಂದಿನ ಅಂಕಿಯನ್ನು ಹಿಂದಿನ ಅಂಕಿಯ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸವನ್ನೇ ಇಲ್ಲಿ ನೆಚ್ಚಿಕೊಂಡೆ.

ಕಪಾಟಿನಿಂದ ಮೊದಲು ತೆಗೆಯಬೇಕಾದ್ದು ಹಿಂದಿನ ಸ್ಟ್ರಕ್ಚರಲ್ ಆಡಿಟ್ ವರದಿ, ಅಂದರೆ ಕಟ್ಟಡ ಎಷ್ಟು ಗಟ್ಟಿಯಿದೆ ಎಂದು ಇಂಜಿನಿಯರ್ ಪರೀಕ್ಷಿಸಿ ಕೊಟ್ಟ ವರದಿ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಜೊತೆಗೆ ಹಣದ ಸ್ಥಿತಿಯನ್ನೂ ನೋಡಿ: ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.25 ಸಿಂಕಿಂಗ್ ಫಂಡ್ (ಮುಂದಿನ ದೊಡ್ಡ ಕೆಲಸಕ್ಕೆಂದು ಕೂಡಿಡುವ ನಿಧಿ), ಶೇ. 0.75 ರಿಪೇರಿ ಫಂಡ್ ಕೂಡಿಬರುತ್ತಿದೆಯೇ? ಮೂವತ್ತು ವರ್ಷದ ಹಿಂದಿನ ವೆಚ್ಚದ ಮೇಲೆ ಕೂಡಿಟ್ಟ ಹಣ ಇಂದಿನ ದೊಡ್ಡ ರಿಪೇರಿಗೆ ಸಾಲದು. ಇದನ್ನು ಮೊದಲ ಸಭೆಯಲ್ಲೇ ಸದಸ್ಯರಿಗೆ ಬಿಡಿಸಿ ಹೇಳುವುದು ಒಳ್ಳೆಯದು.

ಆದರೆ ಎರಡು ಆಡಿಟ್‌ಗಳ ನಡುವಿನ ಮೂರು ವರ್ಷ ನಮ್ಮದೇ. ಆಗ ಎದುರಾಗುವ ದೊಡ್ಡ ತೊಂದರೆ ಒಂದೇ ಮಾತು: ‘ಅದು ಮೊದಲಿಂದ್ಲೂ ಹಾಗೇ ಇದೆ ಸಾರ್.’ ದಿನಾ ಆ ಮೆಟ್ಟಿಲು ಹತ್ತಿಳಿಯುವವರಿಗೆ ಬಿರುಕು ಬೆಳೆದದ್ದು ಕಾಣುವುದಿಲ್ಲ. ಅದಕ್ಕೇ ಒಂದು ಪುಸ್ತಕ ಇಟ್ಟಿದ್ದೇನೆ. ಪ್ರತಿ ಬಿರುಕಿಗೂ ಒಂದು ನಂಬರು, ಒಂದು ಪುಟ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೀಟು ಎಳೆದು ತಾರೀಖು ಬರೆಯುತ್ತೇನೆ. ಸ್ಕೇಲ್ ಇಟ್ಟು ಫೋಟೊ ತೆಗೆಯುತ್ತೇನೆ. ಅಗಲ ನೋಡಲು, ಬಿರುಕಿನ ಎರಡು ಬದಿಗೆ ಸುಮಾರು 10 ಸೆಂ.ಮೀ. ಅಂತರದಲ್ಲಿ ಸಣ್ಣ ಸ್ಟೀಲ್ ಬಿಲ್ಲೆಗಳನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಅಂಟಿಸಿ, ಎರಡರ ನಡುವಿನ ದೂರವನ್ನು ಕ್ಯಾಲಿಪರ್ ಎಂಬ ಸೂಕ್ಷ್ಮ ಅಳತೆಯ ಉಪಕರಣದಿಂದ ಅಳೆಯುತ್ತೇನೆ. ಬಿಲ್ಲೆ ಕೂರಬೇಕಾದ್ದು ಕಾಂಕ್ರೀಟಿನ ಮೇಲೆ. ಸಡಿಲ ಪ್ಲಾಸ್ಟರ್ ಮೇಲೆ ಅಂಟಿಸಿದರೆ ಪ್ಲಾಸ್ಟರ್ ಸರಿದದ್ದನ್ನು ಅಳೆದಂತಾಗುತ್ತದೆ, ಪಿಲ್ಲರ್ ಸರಿದದ್ದನ್ನಲ್ಲ. ಗಾಜಿನ ಪಟ್ಟಿ ಅಂಟಿಸುವ ಹಳೆಯ ಪದ್ಧತಿ ನನಗೆ ಹಿಡಿಸಲಿಲ್ಲ. ಗಾಜು ಒಡೆದರೆ ಏನೋ ಅಲುಗಿದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಎಂದು ತಿಳಿಯುವುದಿಲ್ಲ.

ಅಳತೆ ಬೆಳಗ್ಗೆ ಏಳೆಂಟು ಗಂಟೆಯೊಳಗೆ ಮುಗಿಯಬೇಕು, ಏಕೆಂದರೆ ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ. ಮೇ ತಿಂಗಳ ಅಂಕಿಯನ್ನು ಹಿಂದಿನ ಮೇ ಜೊತೆಗೇ ಹೋಲಿಸಬೇಕು, ಜನವರಿಯ ಜೊತೆಗಲ್ಲ. ಕಿಟಕಿಯ ಮೂಲೆ, ಗೋಡೆ ಮತ್ತು ಬೀಮ್ ಸೇರುವ ಗೆರೆ, ಇಲ್ಲೆಲ್ಲ ಕೂದಲೆಳೆಯ ಬಿರುಕು ಸಾಮಾನ್ಯ. ಪಿಲ್ಲರಿನ ಮೂಲೆಯುದ್ದಕ್ಕೂ ನೇರವಾಗಿ ಓಡುವ, ಅಂಚಿನಲ್ಲಿ ಕಂದು ಕಲೆಯಿರುವ ಬಿರುಕು ಬೇರೆಯೇ ಜಾತಿ. ಅದರ ಹಿಂದೆ ಕಂಬಿ ತುಕ್ಕು ಹಿಡಿಯುತ್ತಿರುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು, ಹಾಗಾಗಿ ಅದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಬೀಮಿನಲ್ಲಿ ಪಿಲ್ಲರಿನ ಹತ್ತಿರ ಓರೆ ಬಿರುಕು ಕಂಡರೆ ಮುಂದಿನ ಅಳತೆಗೆ ಕಾಯದೆ ಇಂಜಿನಿಯರನ್ನು ಕರೆಸುತ್ತೇನೆ. ಪಿಲ್ಲರಿನ ಕಂಬಿ ಹೊರಗೆ ಬಾಗಿದ್ದರಂತೂ ಅಂದೇ ಪ್ರಾಪ್ (ಭಾರ ಹೊರುವ ತಾತ್ಕಾಲಿಕ ಊರುಗಂಬ) ಕೊಟ್ಟು, ಜನರನ್ನು ಹೊರಗೆ ಕಳಿಸುವ ಮಾತು.

ಇಂಜಿನಿಯರ್ ಮಾಡುವ ಪರೀಕ್ಷೆಯ ಅಂಕಿಯನ್ನು ಸೆಕ್ರೆಟರಿಯೂ ಓದಬಲ್ಲವನಾಗಬೇಕು. ಅಲ್ಟ್ರಾಸಾನಿಕ್ ವೇಗ, ಅಂದರೆ ಕಾಂಕ್ರೀಟಿನೊಳಗೆ ಶಬ್ದದ ಅಲೆ ಹಾಯುವ ವೇಗ, ಸೆಕೆಂಡಿಗೆ 3.5 ಕಿ.ಮೀ. ಮೇಲಿದ್ದರೆ ಕಾಂಕ್ರೀಟ್ ಚೆನ್ನಾಗಿದೆ, 3ಕ್ಕಿಂತ ಕೆಳಗಿದ್ದರೆ ಅನುಮಾನ. ಕಂಬಿಯ ವಿದ್ಯುತ್ ವಿಭವವನ್ನು ಅಳೆಯುವ ಹಾಫ್ ಸೆಲ್ ಪರೀಕ್ಷೆಯ ಅಂಕಿ ಮೈನಸ್ 350 ಮಿಲಿವೋಲ್ಟ್ ದಾಟಿ ಇನ್ನೂ ಕೆಳಗಿಳಿದರೆ ಕಂಬಿ ತುಕ್ಕು ಹಿಡಿಯುತ್ತಿರುವ ಸಾಧ್ಯತೆ ಶೇ. 90ಕ್ಕೂ ಹೆಚ್ಚು.

ಬಿರುಕಿನಷ್ಟೇ ಸದ್ದಿಲ್ಲದೆ ಬೆಳೆಯುವುದು ಭಾರ. ಹಳೆಯ ಟೈಲ್ಸ್ ಕೀಳದೆ ಅದರ ಮೇಲೆಯೇ ಹೊಸದನ್ನು ಕೂರಿಸಿದರೆ, 5 ಸೆಂ.ಮೀ. ಗಾರೆಯೊಂದೇ ಚದರ ಮೀಟರಿಗೆ ಸುಮಾರು 100 ಕಿಲೊ. ಹತ್ತು ಚದರ ಮೀಟರಿನ ಕೋಣೆಗೆ ಒಂದು ಟನ್. ಟೆರೇಸಿಗೆ ಏರುವ ಪ್ರತಿ ಸಾವಿರ ಲೀಟರ್ ಟ್ಯಾಂಕ್ ತುಂಬಿದಾಗ ಇನ್ನೊಂದು ಟನ್. ಆದ್ದರಿಂದ ಯಾವ ಮನೆಯಲ್ಲಿ ಕೆಲಸ ನಡೆದರೂ ಏನು ತೆಗೆದರು, ಏನು ಹಾಕಿದರು ಎಂದು ಅದೇ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತೇನೆ. ಗೋಡೆ ಒಡೆಯುವ ಮೊದಲು ಲಿಖಿತ ಅನುಮತಿ ಬೇಕೇ ಬೇಕು ಎಂಬ ವಿಷಯದಲ್ಲಿ ಎಷ್ಟೇ ಹತ್ತಿರದ ಸ್ನೇಹಿತರಿಗೂ ರಿಯಾಯಿತಿ ಇಲ್ಲ.

ತೇಪೆ ಕೆಲಸದಲ್ಲಿ ಗುತ್ತಿಗೆದಾರರ ಪಕ್ಕದಲ್ಲೇ ನಿಲ್ಲಬೇಕು. ಕಂಬಿಯ ಮುಂಭಾಗ ಮಾತ್ರ ಕೆರೆದು ಗಾರೆ ಮೆತ್ತಿದರೆ, ಹಿಂದೆ ಉಳಿದ ತುಕ್ಕು ಕೆಲವೇ ಮಳೆಗಾಲದಲ್ಲಿ ತೇಪೆಯನ್ನು ಎಬ್ಬಿಸುತ್ತದೆ. ಕಂಬಿಯ ಹಿಂದೆಯೂ ಬೆರಳು ತೂರುವಷ್ಟು, ಅಂದರೆ ಸುಮಾರು 20 ಮಿ.ಮೀ. ಕಾಂಕ್ರೀಟ್ ತೆಗೆದು, ಲೋಹ ಹೊಳೆಯುವವರೆಗೆ ಉಜ್ಜಿದ ಮೇಲೆಯೇ ರಾಸಾಯನಿಕ ಲೇಪ, ಪಾಲಿಮರ್ ಗಾರೆ. ಒಡೆಯುವ ಮೊದಲು ಪ್ರಾಪ್ ಇರಲೇಬೇಕು.

ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕಾದ್ದರಿಂದ ಮಳೆಗಾಲದ ಅಳತೆಯನ್ನು ಅದಕ್ಕೆ ಮೊದಲೇ ಮುಗಿಸಿ, ಎರಡು ವರ್ಷದ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ. ರಿಪೇರಿ ದುಡ್ಡಿನ ಚರ್ಚೆ ಆಮೇಲೆ. ಈಗ ಕಮಿಟಿಯ ಕಿರಿಯ ಸದಸ್ಯೆಯೊಬ್ಬಳು ಕ್ಯಾಲಿಪರ್ ಹಿಡಿಯುತ್ತಾಳೆ. ಅವಳು ಅಳೆದದ್ದನ್ನು ನೋಡದೆ ನಾನೂ ಒಮ್ಮೆ ಅಳೆಯುತ್ತೇನೆ. ಇಬ್ಬರ ಅಂಕಿಗೆ 0.1 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಇಬ್ಬರೂ ಮತ್ತೆ ಅಳೆದು, ಆಮೇಲೆ ಅವಳ ಕೈಯಲ್ಲೇ ಪುಸ್ತಕಕ್ಕೆ ಬರೆಸುತ್ತೇನೆ.