ಮುಸ್ಕಾದೆ ಕುಡಿಯುವವರಿಗೆ ಒಂದು ಸಲಹೆ

ಫ್ರಾನ್ಸ್‌ನ ಬಿಳಿ ವೈನ್ ಮುಸ್ಕಾದೆ ಮತ್ತು ಸಿಹಿ ವೈನ್ ಮಸ್ಕಟ್ ಎರಡೂ ಒಂದೇ ಅಂದುಕೊಂಡು ನಾನು ಒಮ್ಮೆ ಕೇಕ್ ಜೊತೆ ಇದನ್ನು ತೆರೆದಿದ್ದೆ. ಮೊದಲ ಗುಟುಕಿಗೇ ಮುಖ ಹಿಂಡಿತು! ಮುಸ್ಕಾದೆಯಲ್ಲಿ ಸಿಹಿ ಇರುವುದಿಲ್ಲ. ಇದು ನಾಂತ್ ಊರಿನ ಸುತ್ತ, ಲುವಾರ್ ನದಿ ಸಮುದ್ರ ಸೇರುವ ಕಡೆಯದು. ದ್ರಾಕ್ಷಿಯ ಹೆಸರು ಮೆಲೊನ್ ದ ಬೂರ್ಗೋನ್. 1709ರ ಭಾರೀ ಚಳಿಗೆ ಅಲ್ಲಿನ ಬಳ್ಳಿಗಳು ಸತ್ತುಹೋದ ಮೇಲೆ, ಚಳಿ ತಡೆಯುತ್ತದೆ ಅಂತ ಇದನ್ನು ಜಾಸ್ತಿ ನೆಟ್ಟರು.

ಕೊಳ್ಳುವಾಗ ಲೇಬಲ್‌ನಲ್ಲಿ 'ಸುರ್ ಲೀ' ಅಂತ ಇದೆಯಾ ನೋಡಿ. ಅಂದರೆ ಚಳಿಗಾಲವಿಡೀ ವೈನ್ ತನ್ನ ಯೀಸ್ಟ್ ಗಸಿಯ ಮೇಲೇ ಕೂತಿರುತ್ತದೆ. ಗ್ಲಾಸಿಗೆ ಮೂಗಿಟ್ಟರೆ ನಿಂಬೆಸಿಪ್ಪೆ, ಹಸಿರು ಸೇಬು, ಹಿಂದೆಯೇ ಹುದುಗು ಬಂದ ಹಿಟ್ಟಿನ ಸಣ್ಣ ವಾಸನೆ. ನಾಲಿಗೆ ತುದಿಯಲ್ಲಿ ಸ್ವಲ್ಪ ಚುರುಗುಟ್ಟಿದರೆ ಹೆದರಬೇಡಿ, ಅದು ಕೆಟ್ಟಿಲ್ಲ. ಕೊನೆಗೆ ಉಪ್ಪಿನ ನೆನಪಿನಂಥದ್ದೊಂದು ಉಳಿಯುತ್ತದೆ.

ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಡಿ. ತೀರಾ ತಣ್ಣಗಿದ್ದರೆ ವಾಸನೆಯೇ ಏಳುವುದಿಲ್ಲ. 9-10 ಡಿಗ್ರಿ ಸಾಕು.

ಜೊತೆಗೆ ಹಸಿ ಆಯ್ಸ್ಟರ್ (ಸಮುದ್ರದ ಚಿಪ್ಪುಮೀನು) ತಿನ್ನುವುದು ಅಲ್ಲಿನ ವಾಡಿಕೆ. ಚಿಪ್ಪಿನೊಳಗಿನ ಸಮುದ್ರದ ನೀರು ಚೆಲ್ಲಬೇಡಿ, ಅದನ್ನು ಹೀರಿ ಆಮೇಲೆ ಒಂದು ಗುಟುಕು. ಹಸಿ ತಿನ್ನಲು ಮನಸ್ಸಿಲ್ಲವೇ? ಈರುಳ್ಳಿ, ಬೆಣ್ಣೆ, ಇದೇ ವೈನ್ ಅರ್ಧ ಗ್ಲಾಸ್ ಹಾಕಿ ಮಸಲ್ಸ್ ಅನ್ನುವ ಇನ್ನೊಂದು ಬಗೆಯ ಚಿಪ್ಪುಮೀನು ಬೇಯಿಸಿ. ಚಿಪ್ಪು ಬಾಯಿ ಬಿಟ್ಟ ತಕ್ಷಣ ಇಳಿಸಿ. ನನಗಂತೂ ಆಯ್ಸ್ಟರ್‌ಗಿಂತ ಇದೇ ಇಷ್ಟ. ಮೇಕೆ ಹಾಲಿನ ಚೀಸ್ ಕೂಡ ಹೊಂದುತ್ತದೆ. ಖಾರದ ಮೀನುಸಾರಿನ ಮುಂದೆ ಮಾತ್ರ ಸುಮ್ನೆ ದುಡ್ಡು ದಂಡ, ವೈನ್ ನೀರಾಗಿಬಿಡುತ್ತದೆ.