ಸುದ್ದಿಮನೆಯಲ್ಲಿ ವಿಜ್ಞಾನಿ: ನನ್ನ ಅನುಭವ

ಪ್ರಯೋಗಾಲಯಕ್ಕೆ ಕೆಲವು ವಾರ ರಜೆ ಹಾಕಿ ಪತ್ರಿಕೆ, ರೇಡಿಯೊ ಅಥವಾ ಟಿ.ವಿ.ಯಲ್ಲಿ ವರದಿಗಾರರಾಗಿ ದುಡಿಯುವ ಫೆಲೋಶಿಪ್‌ಗಳು ಹೊಸವಲ್ಲ. ಅಮೆರಿಕದ ವಿಜ್ಞಾನ ಸಂಘವಾದ ಎಎಎಎಸ್‌ನ ಹತ್ತು ವಾರಗಳ ಫೆಲೋಶಿಪ್ ಶುರುವಾದದ್ದು 1970ರ ದಶಕದ ಮಧ್ಯದಲ್ಲಿ. ಬ್ರಿಟನ್ನಿನಲ್ಲೂ 1987ರಲ್ಲಿ ಇಂಥದ್ದು ಶುರುವಾಯಿತು. ಹೋಗುವವರಿಗೆ ನಾನು ಹೇಳುವುದು ಇಷ್ಟೇ: ತಜ್ಞರಾಗಿ ಹೋಗಬೇಡಿ, ವರದಿಗಾರರಾಗಿ ಹೋಗಿ. ನಾನು ಜೀವಕೋಶಗಳ ಮೇಲೆ ಕೆಲಸ ಮಾಡುವವನು; ಡೆಸ್ಕಿನಲ್ಲಿ ಭೂಕಂಪ, ಬ್ಯಾಟರಿ, ಖಗೋಳದ ಸುದ್ದಿಗಳನ್ನೇ ಕೇಳಿ ಪಡೆಯುತ್ತಿದ್ದೆ. ಗೊತ್ತಿಲ್ಲದ ವಿಷಯ ಕೈಗೆ ಬಂದಾಗಲೇ ಓದುಗ ಕೇಳುವ ಪ್ರಶ್ನೆ ನಮಗೂ ಹೊಳೆಯುವುದು.

ಹೋಗುವ ಮೊದಲೇ ಕೆಲವನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ. ಅವಧಿ ಮೂರು ವಾರಕ್ಕಿಂತ ಕಡಿಮೆ ಬೇಡ. ಮೊದಲ ವಾರ ಸಾಫ್ಟ್‌ವೇರ್, ಪುಟ ಮುಗಿಯುವ ಹೊತ್ತು, ಯಾರನ್ನು ಏನು ಕೇಳಬೇಕು ಎಂಬುದರಲ್ಲೇ ಹೋಗುತ್ತದೆ. ಕಾಪಿ, ಅಂದರೆ ನೀವು ಬರೆದ ವರದಿಯನ್ನು, ತಿದ್ದಿ ಕಾರಣ ಹೇಳುವ ಒಬ್ಬ ಹಿರಿಯ ಉಪಸಂಪಾದಕರು ಇರಲೇಬೇಕು. ಇಲ್ಲದಿದ್ದರೆ ಮೂಲೆಯಲ್ಲಿ ಕೂರಿಸಿ ವಿಜ್ಞಾನದ ಪದಗಳ ಅರ್ಥ ಕೇಳಲಷ್ಟೇ ಬಳಸಿಕೊಳ್ಳುತ್ತಾರೆ. ನಿಮ್ಮ ಸಂಸ್ಥೆ, ಸಹಲೇಖಕರು, ಅನುದಾನ ಕೊಡುವವರು ಇವರ ಸುದ್ದಿಯನ್ನು ನೀವು ಬರೆಯುವುದಿಲ್ಲ ಎಂಬುದೂ ಆ ಒಪ್ಪಂದದಲ್ಲಿರಲಿ.

ಬೆಳಗಿನ ಸಭೆಯಲ್ಲಿ ಸುದ್ದಿಯನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಎದುರಾಗುವ ಪ್ರಶ್ನೆ ಎರಡು: ಇವತ್ತೇ ಯಾಕೆ? ಓದುವವರಿಗೆ ಇದರಿಂದೇನು? ಎರಡಕ್ಕೂ ಉತ್ತರವಿಲ್ಲದ ಸುದ್ದಿ ಅಲ್ಲೇ ಬಿದ್ದುಹೋಗುತ್ತದೆ, ಬೀಳಲೂಬೇಕು. ಹೆಸರಾಂತ ಜರ್ನಲ್‌ಗಳು ಸಂಶೋಧನಾ ಪ್ರಬಂಧಗಳನ್ನು ಪತ್ರಕರ್ತರಿಗೆ ಕೆಲವು ದಿನ ಮೊದಲೇ ಎಂಬಾರ್ಗೊ ಷರತ್ತಿನ ಮೇಲೆ, ಅಂದರೆ ಗೊತ್ತುಮಾಡಿದ ಹೊತ್ತಿಗೆ ಮೊದಲು ಪ್ರಕಟಿಸಬಾರದೆಂಬ ಷರತ್ತಿನ ಮೇಲೆ, ಕೊಡುತ್ತವೆ. ‘ನೇಚರ್’ನ ಗಡುವು ಸಾಮಾನ್ಯವಾಗಿ ಬುಧವಾರ ಲಂಡನ್ ಸಮಯ ಸಂಜೆ 4ಕ್ಕೆ, ‘ಸೈನ್ಸ್’ನದು ಗುರುವಾರ ಅಮೆರಿಕದ ಪೂರ್ವ ಕರಾವಳಿಯ ಸಮಯ ಮಧ್ಯಾಹ್ನ 2ಕ್ಕೆ ತೆರವಾಗುತ್ತದೆ. ಅದಕ್ಕೆ ಮೊದಲು ಸಿಗುವ ಬಿಡುವಿನಲ್ಲಿ ಪತ್ರಿಕಾ ಪ್ರಕಟಣೆಯನ್ನು ಪಕ್ಕಕ್ಕಿಟ್ಟು ಮೂಲ ಪ್ರಬಂಧವನ್ನೇ ಓದಿ. ಈ ವಿದ್ಯೆ ಸುದ್ದಿಮನೆಯಲ್ಲಿ ಬಹುಶಃ ನಿಮಗೊಬ್ಬರಿಗೇ ಗೊತ್ತಿರುತ್ತದೆ.

ಬಳಿಕ ಎರಡು ಫೋನ್ ಕರೆ. ಒಂದು ಲೇಖಕರಿಗೆ, ಇನ್ನೊಂದು ಆ ಪ್ರಬಂಧಕ್ಕೆ ಸಂಬಂಧವೇ ಇಲ್ಲದ ಅದೇ ಕ್ಷೇತ್ರದವರಿಗೆ. ಎರಡನೆಯವರಿಗೆ ನಾನು ಕೇಳುತ್ತಿದ್ದುದು: ‘ಈ ಅಧ್ಯಯನ ಏನನ್ನು ತೋರಿಸಿಲ್ಲ?’ ಇಮೇಲ್‌ನಲ್ಲಿ ಕೇಳಿದರೆ ಉತ್ತರ ತಡವಾಗಿ ಬರುತ್ತದೆ, ಬಂದಾಗ ಪ್ರಬಂಧದ ಭಾಷೆಯಲ್ಲೇ ಇರುತ್ತದೆ.

ಹೆಚ್ಚಿನವರು ಎಡವುವುದು ಬರೆಯುವಾಗ. ‘ವಯಸ್ಸಾದಂತೆ ನೆನಪು ಕುಂದುವುದರಲ್ಲಿ ಪ್ರೋಟೀನೊಂದರ ಪಾತ್ರವನ್ನು ಅರಿಯುವ ಸಲುವಾಗಿ ನಡೆಸಿದ ಅಧ್ಯಯನದಲ್ಲಿ...’ ಎಂದು ಶುರುವಾದ ಕಾಪಿ ತಿದ್ದಿದ ಮೇಲೆ ಹೀಗಾಗುತ್ತದೆ: ‘ಒಂದು ಪ್ರೋಟೀನನ್ನು ತಡೆದಾಗ ಮುದಿ ಇಲಿಗಳ ನೆನಪಿನ ಶಕ್ತಿ ಸುಧಾರಿಸಿದೆ.’ ಫಲಿತಾಂಶ ಮೊದಲು, ವಿಧಾನ ಆಮೇಲೆ. ಜಾಗ ಸಾಲದಿದ್ದರೆ ಡೆಸ್ಕಿನವರು ಕೊನೆಯ ಪ್ಯಾರಾದಿಂದ ಕತ್ತರಿಸುತ್ತಾರೆ. ಆದ್ದರಿಂದ ಅಧ್ಯಯನದ ಮಿತಿಯನ್ನು ಮೂರನೆಯ ಪ್ಯಾರಾದೊಳಗೇ ಸೇರಿಸಿ. ಶೀರ್ಷಿಕೆ ಬರೆಯುವವರು ಬೇರೆ. ‘ಇಲಿ’ ಎಂಬ ಪದ ಮೊದಲು ಮಾಯವಾಗುವುದು ಅಲ್ಲೇ. ಕಾಪಿ ಕಳಿಸುವಾಗ ಆ ಪದವಿರುವ ಚಿಕ್ಕದೊಂದು ಶೀರ್ಷಿಕೆಯನ್ನು ನೀವೇ ಸೂಚಿಸಿಬಿಡಿ.

ಶೇಕಡಾವಾರು ಲೆಕ್ಕದಲ್ಲಂತೂ ಕಟ್ಟುನಿಟ್ಟಾಗಿರಬೇಕು. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ನೂರು ಜನರಲ್ಲಿ ಐವರಿಗೆ ಬರಬಹುದಾದ ಕಾಯಿಲೆ ಎಂದಿಟ್ಟುಕೊಂಡರೆ, ಶೇ 18 ಏರಿದಾಗ ಅದು ಸುಮಾರು ಆರು ಜನರಿಗೆ ಬರುತ್ತದೆ. ಈ ಎರಡನೆಯ ವಾಕ್ಯವಿಲ್ಲದೆ ಮೊದಲನೆಯದು ಪುಟಕ್ಕೆ ಹೋಗಬಾರದು.

ಪ್ರಬಂಧದ ಲೇಖಕರಿಗೆ ಇಡೀ ಕಾಪಿ ಕಳಿಸುವ ಅಭ್ಯಾಸ ಬಿಡಬೇಕು. ಕಳಿಸಿದರೆ ನೀವು ತೆಗೆದ ಪಾರಿಭಾಷಿಕ ಪದಗಳೆಲ್ಲ ಮರಳಿ ಬರುತ್ತವೆ, ಟೀಕೆಯ ಸಾಲು ಮೆತ್ತಗಾಗುತ್ತದೆ. ಅಂಕಿಅಂಶಗಳನ್ನೂ ಅವರದೇ ಮಾತುಗಳನ್ನೂ ಫೋನಿನಲ್ಲಿ ಓದಿ ಹೇಳಿ ಖಚಿತಪಡಿಸಿಕೊಂಡರೆ ಸಾಕು.

ಪ್ರಯೋಗಾಲಯಕ್ಕೆ ಮರಳಿದ ಮೇಲೆ ನಾನು ಪ್ರತಿ ಪ್ರಬಂಧದ ಜೊತೆಗೂ ಒಂದು ಟಿಪ್ಪಣಿ ಇಟ್ಟಿರುತ್ತೇನೆ: ಏನು ಕಂಡೆವು, ಏನು ಕಂಡಿಲ್ಲ, ಯಾರಿಗೆ ಸಂಬಂಧಿಸಿದ್ದು. ವರದಿಗಾರರ ಕರೆ ಬಂದರೆ ಒಂದು ಗಂಟೆಯೊಳಗೆ ಉತ್ತರಿಸುತ್ತೇನೆ. ಮರುದಿನ ಕೊಟ್ಟ ಉತ್ತರಕ್ಕೆ ಪುಟದಲ್ಲಿ ಜಾಗವಿರುವುದಿಲ್ಲ.