ಮಧ್ಯಾಹ್ನ ಕೆಲಸವೇ ಇಲ್ಲದ ತೋಟ

ನಮ್ಮ ಮಾವನಿಗೆ 80 ದಾಟಿದೆ. ತರಕಾರಿ ಬೆಳೆಯುವುದರಲ್ಲಿ ನನಗಿಂತ ತುಂಬಾ ಮುಂದೆ. ಬೇಸಿಗೆ ಬಂತೆಂದರೆ ಮಾತ್ರ ಅವರನ್ನು ತೋಟದಿಂದ ಒಳಗೆ ಕರೆಯುವುದೇ ಒಂದು ಕೆಲಸ. "ಬಿಸಿಲು ಜಾಸ್ತಿ, ಬನ್ನಿ ಮಾವ" ಅಂದರೆ "ಹ್ಞೂಂ, ಬಂದೆ" ಅನ್ನುತ್ತಾರೆ, ಬರುವುದಿಲ್ಲ. ಕೊನೆಗೆ ನಾನು ಹೇಳುವುದನ್ನೇ ಬಿಟ್ಟೆ. ಮಧ್ಯಾಹ್ನ ಅವರಿಗೆ ಹೊರಗೆ ಕೆಲಸವೇ ಉಳಿಯದ ಹಾಗೆ ತೋಟವನ್ನು ಬದಲಾಯಿಸಿದೆ.

ಅವರು ಆ ಹೊತ್ತಲ್ಲಿ ಹೊರಡುತ್ತಿದ್ದುದು ಕುಂಬಳ, ಸೌತೆಯ ಎಲೆ ಜೋತುಬಿದ್ದಿದೆ ಅಂತ. ನೋಡಿದ ಕೂಡಲೇ ಪೈಪು ಹಿಡಿಯುತ್ತಿದ್ದರು. ದೊಡ್ಡ ಎಲೆಯ ಬಳ್ಳಿಗಳು ಉರಿಬಿಸಿಲಲ್ಲಿ, ಬೇರು ಎಳೆದುಕೊಳ್ಳುವುದಕ್ಕಿಂತ ಜಾಸ್ತಿ ನೀರನ್ನು ಎಲೆಯಿಂದ ಕಳೆದುಕೊಳ್ಳುತ್ತವೆ. ಮಣ್ಣಲ್ಲಿ ತೇವ ಇದ್ದರೂ ಬಾಡುತ್ತವೆ, ಸಂಜೆಗೆ ತಾವೇ ಚೇತರಿಸಿಕೊಳ್ಳುತ್ತವೆ. ಬಾಯಲ್ಲಿ ಹೇಳಿದರೆ ಮಾವ ಒಪ್ಪಲಿಲ್ಲ. "ಬುಡದಲ್ಲಿ ಬೆರಳು ಇಳಿಸಿ ನೋಡಿ" ಅಂದೆ. 2 ಅಂಗುಲ ಕೆಳಗೆ ಮಣ್ಣು ತಂಪಾಗಿತ್ತು. ಆಮೇಲೆ ವಾದ ಇಲ್ಲ. ಬೆಳಿಗ್ಗೆ ಎದ್ದಾಗಲೂ ಎಲೆ ಬಾಡಿದ್ದರೆ ಮಾತ್ರ ನೀರು ಸಾಲದು ಅಂತ ಲೆಕ್ಕ.

ನೀರನ್ನು ಬೆಳಕು ಹರಿಯುವಾಗಲೇ ಬುಡಕ್ಕೆ ಹಾಕುತ್ತೇವೆ, ನಿಧಾನವಾಗಿ, ಆಳಕ್ಕೆ ಇಳಿಯುವ ಹಾಗೆ. ಪಾತಿ ತುಂಬ 2-3 ಅಂಗುಲ ದಪ್ಪ ತರಗೆಲೆ ಅಥವಾ ಒಣಹುಲ್ಲು. ಕಾಂಡಕ್ಕೆ ತಾಗಿಸುವುದಿಲ್ಲ, ಕೊಳೆಯುತ್ತದೆ. ಈ ಹೊದಿಕೆ ಬಿದ್ದ ಮೇಲೆ ಕಳೆ ಕೀಳುವ ಕೆಲಸವೂ ಕಡಿಮೆಯಾಯಿತು. ಟೊಮೇಟೊಗೆ ಶೇಡ್ ನೆಟ್ ಕಟ್ಟಿದೆವು. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಅದರ ಹೂ ಉದುರತೊಡಗುತ್ತದೆ. ಅದಕ್ಕೆ ಗೊಬ್ಬರ ಸುರಿದು ಪ್ರಯೋಜನ ಇಲ್ಲ. ಬೆಂಡೆ, ಅಲಸಂದೆ, ಹರಿವೆಗೆ ಇಷ್ಟೆಲ್ಲ ಉಪಚಾರ ಬೇಡ, ಬಿಸಿಲನ್ನು ಚೆನ್ನಾಗಿ ತಡೆಯುತ್ತವೆ. ನಮ್ಮಲ್ಲಿ ಈಗ ಅವುಗಳದ್ದೇ ಜಾಸ್ತಿ ಜಾಗ.

ಗಿಡಕ್ಕಿಂತ ಮಾವನಿಗೆ ನೀರು ಕುಡಿಸುವುದೇ ಕಷ್ಟ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಬೆವರುವುದೂ ಕಡಿಮೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರದಲ್ಲಿ ನೀರನ್ನು ಇನ್ನಷ್ಟು ಹೊರಹಾಕುತ್ತವೆ. ಹಾಗಾಗಿ "ನಂಗೆ ಬಾಯಾರಿಕೆ ಇಲ್ಲ" ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಒಂದು ಪಾತಿ ಮುಗಿದರೆ ಇಬ್ಬರೂ ನೆರಳಿಗೆ ಬರಬೇಕು, ಇಬ್ಬರೂ ಕುಡಿಯಬೇಕು. ನಾನೂ ಕುಡಿದರೆ ಅವರಿಗೆ ಔಷಧಿ ಕುಡಿಸಿದಂತೆ ಅನಿಸುವುದಿಲ್ಲ. ದಿನಕ್ಕೆ ಎಷ್ಟು ಅಂತ ಮಾತ್ರ ಡಾಕ್ಟರನ್ನು ಕೇಳಿಯೇ ಇಟ್ಟುಕೊಂಡಿದ್ದೇವೆ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ನೀರಿಗೂ ಮಿತಿ ಇರುತ್ತದೆ.

ತಲೆಸುತ್ತು, ವಾಕರಿಕೆ, ತಲೆನೋವು ಬಂದರೆ ಅಲ್ಲಿಗೇ ಕೆಲಸ ನಿಲ್ಲಬೇಕು. ಮಾತು ತೊದಲಿದರೆ, ಎಲ್ಲಿದ್ದೇವೆ ಅನ್ನುವುದೇ ತಿಳಿಯದಂತಾದರೆ, ಮೈ ಸುಡುತ್ತಿದ್ದರೆ ಕಾಯುವ ಹಾಗಿಲ್ಲ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಕುಕ್ಕರಗಾಲಲ್ಲಿ ಕೂತು ಥಟ್ಟನೆ ಎದ್ದರೆ ಮಾವನಿಗೆ ಕಣ್ಣು ಕತ್ತಲೆ ಬರುತ್ತದೆ. ಅದಕ್ಕೇ ಹೀರೆಯ ಚಪ್ಪರವನ್ನು ತಗ್ಗಿಸಿ, ಸ್ಟೂಲಿನಲ್ಲಿ ಕೂತರೆ ಕೈಗೆ ಸಿಗುವ ಹಾಗೆ ಮಾಡಿದೆವು. ಹೀರೆಯ ಹೂ ಅರಳುವುದೇ ಸಂಜೆ. ಜೇನು ಕಡಿಮೆ ಇದ್ದಾಗ ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಹೂವಿನ ಹಿಂದೆ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು. ಕುಂಬಳ, ಸೌತೆಗೆ ಇದೇ ಕೆಲಸ ಬೆಳಿಗ್ಗೆ ಬೇಗ. ಹೀಗೆ ಅವರ ದಿನ ಎರಡೂ ತಂಪು ಹೊತ್ತಿಗೆ ಹಂಚಿಹೋಯಿತು. ಬೇಡ ಅಂದಿದ್ದಕ್ಕಿಂತ ಈ ಕೆಲಸ ಕೊಟ್ಟಿದ್ದೇ ಜಾಸ್ತಿ ಉಪಯೋಗಕ್ಕೆ ಬಂತು. ನಾನು ಸವರಿದ ಹೂವಿನ ಮೇಲೆ ಮಾತ್ರ ಅವರಿಗೆ ನಂಬಿಕೆ ಇಲ್ಲ, ಇನ್ನೊಮ್ಮೆ ತಾವೇ ಸವರುತ್ತಾರೆ.